ಮಾಲೀಕರ ಸ್ವಂತ ವಾಸ

ಮಾರ್ಚ್ 9, ಸೋಮವಾರ

ಹದಿನೇಳು ವರ್ಷದಿಂದ ಬಾಡಿಗೆಗಿರುವ ಈ ಮನೆಯನ್ನೇ ಕೊಳ್ಳೋಣವೆಂದು ನನ್ನಾಕೆಯ ಹಟ. "ಸಾಲ ಮಾಡಿದ್ರೆ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತೆ ಕಣ್ರೀ. ಬಾಡಿಗೆ ಕಟ್ಟಿ ಏನು ಸಿಕ್ತು, ಮಣ್ಣು?"

ಬಾಡಿಗೆಗೂ ವಿನಾಯಿತಿಯಿತ್ತು. ಆದರೆ ಅದಕ್ಕೆ ಬೇಕಾದ ಬಾಡಿಗೆ ರಸೀದಿಯನ್ನು ಮಾಲೀಕರು ಒಮ್ಮೆಯೂ ಕೊಡಲಿಲ್ಲ. ಏಕೆಂದು ಇಂದು ತಿಳಿಯಿತು. ಕೊಳ್ಳುವ ಮಾತಿಗೆ ಹೋದಾಗ ಅವರು ತೋರಿಸಿದ ಕಂದಾಯದ ಚೀಟಿಗಳಲ್ಲಿ ಈ ಮನೆ ಪ್ರತಿವರ್ಷವೂ 'ಮಾಲೀಕರ ಸ್ವಂತ ವಾಸ' ಎಂದಿದೆ. ಹಾಗೆ ಬರೆದರೆ ಕಂದಾಯ ಅರ್ಧ. ಆದರೂ "ಕಂದಾಯ ಏರಿದೆ" ಎಂದು ಮೂರು ಸಲ ಬಾಡಿಗೆ ಏರಿಸಿದ್ದರು. ತಾರೀಖು ಸಹಿತ ನೆನಪಿದೆ.

"ಹಾಗಾದ್ರೆ ಇಷ್ಟು ವರ್ಷ ಇಲ್ಲಿ ಗೊರಕೆ ಹೊಡೆದೋರು ಯಾರು ಸ್ವಾಮಿ?" ಎಂದೆ.

ಪುಣ್ಯಾತ್ಮರು ನಕ್ಕರು. "ಕೊಂಡ್ಕೊಳ್ಳಿ, ಆಮೇಲೆ ನೀವೂ ಹಾಗೇ ಬರೀರಂತೆ."

ಸಿಟ್ಟು ಇಳಿದರೂ ಒಂದು ಪ್ರಶ್ನೆ ನಿದ್ದೆಗೆಡಿಸಿದೆ. ಕೊಂಡರೆ ಆ ಚೀಟಿಯ ಮಾತು ಮೊದಲ ಸಲ ನಿಜವಾಗುತ್ತದೆ. ಅವರ ಸುಳ್ಳನ್ನು ನಿಜ ಮಾಡಲು ನಾನು ಇಪ್ಪತ್ತು ವರ್ಷ ಸಾಲ ತೀರಿಸಬೇಕೇ...