ಹಂದಿದೊಡ್ಡಿಯವರು

ಮಾರ್ಚ್ 3, 1998. ಮಂಗಳವಾರ

ಹಂದಿಮಾಂಸ ತುಂಬುವ ಪೈಗಳ ಹಿಟ್ಟು ಇವತ್ತೂ ಸರಿಬರಲಿಲ್ಲ. ಕೊಬ್ಬು ಹಾಕಿ ಕಾಯಿಸಿದ ನೀರು ಆರಿಹೋಗಿತ್ತು. ಬಿರುಕು ಬಿಟ್ಟ ಪೈಗಳನ್ನು ಹಿಂದಿನ ಸಾಲಿಗೆ ತಳ್ಳಿದೆ. ಅಪ್ಪ ಇದ್ದಿದ್ದರೆ ಊರಿಗೆಲ್ಲ ಕೇಳಿಸುವ ಹಾಗೆ ಬೈಯುತ್ತಿದ್ದ.

ಹನ್ನೊಂದರ ಹೊತ್ತಿಗೆ ಒಬ್ಬ ಬಂದ. ಉದ್ದಕ್ಕೆ, ತೆಳ್ಳಗೆ, ಕಂಕುಳಲ್ಲಿ ಕಾಗದದ ಸುರುಳಿ. ಸಾಸೇಜ್ ಕೊಳ್ಳುವ ಮುಖವಲ್ಲ. ಹೊರಗೆ ನಿಂತು ಬೋರ್ಡ್ ಓದಿದ. ಓದಿ ಟೋಪಿ ತೆಗೆದ. ನಮ್ಮ ಬೋರ್ಡಿಗೆ ಟೋಪಿ ತೆಗೆದವರನ್ನು ನೋಡಿದ್ದು ಇದೇ ಮೊದಲು.

"ಏ. ಸ್ವೈನ್‌ಗಾರ್ತ್, ಮಾಂಸದ ವ್ಯಾಪಾರಿ... ನೀವೇನಾ?"

"ಏ ಅಂದ್ರೆ ಏಮಸ್, ನಮ್ಮಪ್ಪ. ಹೋದ ಆಗಸ್ಟ್‌ನಲ್ಲಿ ತೀರಿಕೊಂಡ್ರು. ಏ ಅಂದ್ರೆ ಏವ್ರಿಲ್ ಕೂಡ, ಅದು ನಾನು. ಬೋರ್ಡ್ ಹಾಗೇ ನಡೆಯುತ್ತೆ. ಏನು ಕೊಡ್ಲಿ?"

"ನಾನೂ ಸ್ವೈನ್‌ಗಾರ್ತ್! ಲ್ಯಾಂಬರ್ಟ್ ಸ್ವೈನ್‌ಗಾರ್ತ್. ಹಲ್ ಊರಿಂದ ಬಂದೆ."

ಹೆಸರಲ್ಲಿ ಲ್ಯಾಂಬ್, ಅಂದರೆ ಕುರಿಮರಿ; ಮನೆತನದಲ್ಲಿ ಸ್ವೈನ್, ಅಂದರೆ ಹಂದಿ. ನಗು ತಡೆದೆ.

ರಿಟೈರಾದ ಭೂಗೋಳದ ಮೇಷ್ಟ್ರು. ನಮ್ಮ ಹೆಸರಿನವರು ಎಲ್ಲೆಲ್ಲಿದ್ದಾರೆ ಅಂತ ಹುಡುಕುವುದೇ ಈಗಿನ ಕೆಲಸವಂತೆ. ಕೌಂಟರ್ ಮೇಲೆ ನಕ್ಷೆ ಹರಡಿದ — ನೂರು ಚಿಲ್ಲರೆ ವರ್ಷ ಹಿಂದಿನದು. ಮನೆಗೊಂದು ಚುಕ್ಕೆ. ನಮ್ಮ ಕಣಿವೆಯಲ್ಲಿ ಕರಿಮೆಣಸು ಚೆಲ್ಲಿದ ಹಾಗಿತ್ತು. ಉಳಿದ ಇಂಗ್ಲೆಂಡೆಲ್ಲ ಬರೀ ಬಿಳಿ. ಎರಡನೇ ನಕ್ಷೆಯಲ್ಲಿ ಚುಕ್ಕೆಗಳು ಲೀಡ್ಸ್, ಬ್ರಾಡ್‌ಫರ್ಡ್ ಮಿಲ್ಲುಗಳ ಕಡೆ ಉರುಳಿದ್ದವು, ಕೆಲವು ಹಲ್ ಬಂದರಿಗೆ, ಅಲ್ಲಿಂದ ಹಡಗು ಹತ್ತಿ ಟಾಸ್ಮೇನಿಯಾಕ್ಕೆ. ಮೂರನೇದು ಈಗಿನದು. ನಮ್ಮ ಕೆಲ್ಬೆಕ್ ಊರಲ್ಲಿ ಒಂದೇ ಚುಕ್ಕೆ.

"ಇದು ನೀವು" ಅಂದ. ಸಾವಿನ ಮನೆಯಲ್ಲಿ ಮಾತಾಡುವ ದನಿ.

"ಮದುವೆ ಇಲ್ಲ, ಮಕ್ಕಳಿಲ್ಲ, ಅರವತ್ತೊಂದು ವಯಸ್ಸು. ಅಳಿಸೋಕೆ ರಬ್ಬರ್ ತಂದಿದ್ದೀರಾ?"

ಕೆಂಪಾದ. ಎರಡು ಪೈ ಕೇಳಿದ. ಬಿರುಕಿನವನ್ನೇ ಕೊಟ್ಟೆ.

ಏಪ್ರಿಲ್ 19, ಭಾನುವಾರ

ರೋಲಂಡ್ ಫೋನ್. ತಮ್ಮ ಅನ್ನಿಸಿಕೊಂಡವನ ದನಿ ಕ್ರಿಸ್‌ಮಸ್ ಆದಮೇಲೆ ಇವತ್ತೇ ಕೇಳಿದ್ದು. ಆ ಲ್ಯಾಂಬರ್ಟ್ ಅವನನ್ನೂ ಪತ್ತೆ ಹಚ್ಚಿದ್ದಾನೆ. 'ಕಳೆದುಹೋದ ಚುಕ್ಕೆ' ಅಂದನಂತೆ. ಸೆಪ್ಟೆಂಬರ್‌ನಲ್ಲಿ ಇಲ್ಲೇ, ಊರಿನ ಹಾಲ್‌ನಲ್ಲಿ, ಎಲ್ಲ ಕಡೆಯ ಸ್ವೈನ್‌ಗಾರ್ತ್‌ಗಳ ಕೂಟ. ಮುಖ್ಯ ಭಾಷಣ — ರೋಲಂಡ್. ಪೈ ಮಾಡುವುದು — ನಾನು.

"ಯಾವ ಹೆಸರಲ್ಲಿ ಭಾಷಣ ಮಾಡ್ತೀಯೋ?"

"ಏವ್, ಶುರು ಮಾಡ್ಬೇಡ."

"ಶುರು ಮಾಡಿದ್ದು ನೀನು. ಮೀಸೆ ಸರಿಯಾಗಿ ಬರೋಕೆ ಮುಂಚೆ, ವಕೀಲನ ಮುಂದೆ ಕೂತು."

ಒಂದೇ ಅಕ್ಷರ, ಮೊದಲ ಎಸ್, ಕಿತ್ತೆಸೆದ ಅವತ್ತು. ಸ್ವೈನ್‌ಗಾರ್ತ್ ಹೋಗಿ ವೈನ್‌ಗಾರ್ತ್. ಗಾರ್ತ್ ಅಂದರೆ ದೊಡ್ಡಿ, ಹಿತ್ತಿಲು; ಹಂದಿದೊಡ್ಡಿ ಹೋಗಿ ದ್ರಾಕ್ಷಿತೋಟ! ಹ್ಯಾರೊಗೇಟ್‌ನಲ್ಲಿ ಅಡುಗೆಮನೆ ಕಪಾಟು, ಸಿಂಕುಗಳ ಶೋರೂಮ್, ಗಾಜಿನ ಮೇಲೆ ಚಿನ್ನದ ಅಕ್ಷರ — 'ವೈನ್‌ಗಾರ್ತ್ ಕಿಚನ್ಸ್'. ಅಪ್ಪ ಆ ಊರಿಗೆ ಮತ್ತೆ ಕಾಲಿಡಲಿಲ್ಲ. ಕಾಗದ ಮಾತ್ರ ಬರೆಯುತ್ತಿದ್ದ, ಲಕೋಟೆ ಮೇಲೆ ಪೂರ್ತಿ ಹೆಸರು ಹಾಕಿ. ಇವನು ಒಡೆಯದೆ ವಾಪಸ್ ಕಳಿಸುತ್ತಿದ್ದ. ಇಬ್ಬರೂ ಕತ್ತೆಗಳು.

ಕೊನೆಗೆ ಹೇಳಿದ: "ಅಪ್ಪನ ಸಮಾಧಿ ಕಲ್ಲಿಗೆ ಹೇಳಿದ್ದೀನಿ. ಜೂನ್‌ನಲ್ಲಿ ನಿಲ್ಲಿಸ್ತಾರೆ. ನೀನು ತಲೆ ಕೆಡಿಸ್ಕೋಬೇಡ."

ಸರಿ, ಇಷ್ಟಾದರೂ ಮಾಡಲಿ ಅಂದುಕೊಂಡೆ.

ಜೂನ್ 9

ಕಲ್ಲು ನಿಲ್ಲಿಸಿದ್ದಾರೆ. ನೋಡಿ ಬಂದೆ. ಇವತ್ತು ಬರೆಯಲಾರೆ.

ಜೂನ್ 10

'ಏಮಸ್ ವೈನ್‌ಗಾರ್ತ್. ಈ ಊರಿನ ಮಾಂಸದ ವ್ಯಾಪಾರಿ. ಪ್ರೀತಿಯ ತಂದೆ.'

ವೈನ್‌ಗಾರ್ತ್. ಕಲ್ಲಿನ ಮೇಲೆ. ಅಪ್ಪನ ಎದೆಯ ಮೇಲೆ.

ಎಡಗಡೆ ತಾತ, ಅವರಪ್ಪ, ಬಲಗಡೆ ಚಿಕ್ಕಮ್ಮ — ಎಲ್ಲ ಪಾಚಿ ಹಿಡಿದ ಸ್ವೈನ್‌ಗಾರ್ತ್‌ಗಳು. ನಡುವೆ ಅಪ್ಪ, ಯಾರದೋ ಮನೆ ಊಟಕ್ಕೆ ಕರೆಯದೆ ಬಂದು ಕೂತವನ ಹಾಗೆ. ಬದುಕಿದ್ದಾಗ ಎದುರು ನಿಂತು ಹೇಳುವ ಧೈರ್ಯ ರೋಲಂಡ್‌ಗೆ ಇರಲಿಲ್ಲ. ಸತ್ತವನು ಎದ್ದು ಬಂದು ಕಪಾಳಕ್ಕೆ ಬಾರಿಸುವುದಿಲ್ಲ ಅಂತ ತಾನೇ?

ಕಲ್ಲು ಕೆತ್ತಿದ ಹೆಡ್ಲಿಯ ಕೊಟ್ಟಿಗೆಗೆ ನೇರ ಹೋದೆ.

"ಚರ್ಚಿಗೆ ಕೊಟ್ಟ ಅರ್ಜಿಲಿ ಹಾಗೇ ಇತ್ತು ಏವ್ರಿಲ್. ಫೋನ್ ಮಾಡಿ ಕೇಳಿದೆ ಕೂಡ. ಹಾಗೇ ಕೆತ್ತಿ ಅಂದ್ರು. ಪಾದ್ರಿಯಮ್ಮನೂ ಹೊಸಬರು, ಸಹಿ ಹಾಕಿದ್ರು."

"ನಮ್ಮಪ್ಪನ ಕೈಯಿಂದ ಎಷ್ಟು ವರ್ಷ ಮಾಂಸ ತಿಂದಿದ್ದೀಯ? ಹೆಸರು ಗೊತ್ತಿರಲಿಲ್ವಾ?"

"ಮಗನೇ ಹೇಳಿದಮೇಲೆ..."

"ಮಗಳು ರಸ್ತೆಯಾಚೆ ಇದ್ದಳು."

ಬಿಟ್ಟ ಅಕ್ಷರ ಸೇರಿಸು ಅಂದೆ. ಆಗಲ್ಲವಂತೆ. ಸಾಲನ್ನು ನಟ್ಟನಡುವೆ ಅಳೆದು ಕೆತ್ತಿದ್ದು. ಎಡಕ್ಕೆ ಇನ್ನೊಂದು ತುರುಕಿದರೆ ಅಂಚಿಗೆ ಕೆತ್ತಿದ ಬಳ್ಳಿಯ ಮೇಲೆ ಕೂರುತ್ತದೆ, ಕುರೂಪ. ಅದಿರಲಿ, ಅರ್ಜಿ ಹಾಕಿದವನೇ ಒಪ್ಪಬೇಕಂತೆ.

ಜೂನ್ 13, ಶನಿವಾರ

ಅಂಗಡಿ ಮುಚ್ಚಿ ಬಸ್ಸಲ್ಲಿ ಹ್ಯಾರೊಗೇಟ್‌ಗೆ, ರೋಲಂಡ್ ಶೋರೂಮಿಗೆ. ಶನಿವಾರ ಬಾಗಿಲು ಹಾಕಿದ್ದು ಅಪ್ಪ ಸತ್ತಾಗ ಬಿಟ್ಟರೆ ಇವತ್ತೇ.

"ಗಿರಾಕಿ ಇದ್ದಾರೆ ಏವ್, ಒಳಗೆ ಬಾ."

"ಇಲ್ಲೇ ಹೇಳ್ತೀನಿ. ಅವರೂ ಕೇಳಿಸ್ಕೊಳ್ಳಲಿ. ಅಪ್ಪನ ಹೆಸರು ಕತ್ತರಿಸೋಕೆ ನೀನು ಯಾರೋ?"

"ಮಗ. ನನ್ನ ಮಕ್ಕಳು ಹೂವಿಡೋಕೆ ಬಂದ್ರೆ ಅವರ ಹೆಸರು ಅಲ್ಲಿರಬೇಡ್ವಾ?"

"ನಿನ್ನ ಮಕ್ಕಳು ಅಪ್ಪ ಬದುಕಿದ್ದಾಗಲೇ ಬರಲಿಲ್ಲ!"

ಗಂಡ ಹೆಂಡತಿ ಗಿರಾಕಿಗಳು ಒಂದು ಸಿಂಕನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ರೋಲಂಡ್ ದನಿ ತಗ್ಗಿಸಿದ.

"ನಿನಗೆ ಅದು ಹೆಸರು ಏವ್. ನನಗೆ ಅದು ಬೈಗುಳ."

"ಅದೇ ಬೈಗುಳ ನಾನೂ ತಿಂದಿಲ್ವಾ?"

"ನೀನು ತಿರುಗಿ ಹೊಡೀತಿದ್ದೆ. ನನಗೆ ಬರ್ತಿರಲಿಲ್ಲ."

ಗಿರಾಕಿಗಳ ಕಡೆ ತಿರುಗುತ್ತ ಅಂದ: "ಕಲ್ಲು ಹಾಗೇ ಇರುತ್ತೆ."

ಹೊರಡುವಾಗ ಬಾಗಿಲನ್ನು ದಡಾರನೆ ಹಾಕಬೇಕೆಂದು ಎಳೆದೆ. ಅದಕ್ಕೇನೋ ಸ್ಪ್ರಿಂಗ್. ಬೆಣ್ಣೆ ಹಾಗೆ ಮೆತ್ತಗೆ ಮುಚ್ಚಿಕೊಂಡಿತು. ನೆಟ್ಟಗೆ ಸಿಟ್ಟು ತೋರಿಸುವುದಕ್ಕೂ ಬಿಡದ ಜಾಗ.

ಆಗಸ್ಟ್ 30

ಬಹಳ ದಿನ ಬರೆದಿಲ್ಲ. ಬರೆದರೆ ಬೈಗುಳವೇ ಆಗುತ್ತಿತ್ತು.

ಕೂಟ ಹತ್ತಿರ ಬಂತು. ಪೈ ಮಾಡುತ್ತೇನೆ ಅಂತ ಒಪ್ಪಿದ್ದೇನೆ. ಲ್ಯಾಂಬರ್ಟ್‌ಗೆ ಆಶ್ಚರ್ಯ, ಇಷ್ಟು ಸುಲಭವಾಗಿ ಹೇಗೆ ಒಪ್ಪಿದಳು ಅಂತ. ಹೇಗೆ ಅಂದರೆ — ರೋಲಂಡ್ ಭಾಷಣ ಮುಗಿಸಿ ಚಪ್ಪಾಳೆ ಬೀಳುವಾಗ ನಾನು ಎದ್ದು ನಿಲ್ಲುತ್ತೇನೆ. ನಿಂತು, ಬನ್ನಿ, ಚರ್ಚಿನ ಹಿಂದೆ ಒಂದು ಕಲ್ಲು ತೋರಿಸ್ತೀನಿ ಅನ್ನುತ್ತೇನೆ. ಬಾಯಿಪಾಠ ಆಗುತ್ತಿದೆ. ಕತ್ತಿ ಒಂದೇಟು ಹಾಕಿದ ಹಾಗೆಲ್ಲ ಒಂದು ವಾಕ್ಯ.

ಪಾದ್ರಿಯಮ್ಮ ಫಿಲಿಪಾ ಹಂದಿಮಾಂಸ ಕೊಳ್ಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಯಾರಿಗೆ ಬೈತಿದ್ದೀರಿ ಏವ್ರಿಲ್?"

"ಈ ತೊಡೆ ಮಾಂಸಕ್ಕೆ" ಅಂದೆ.

ಸೆಪ್ಟೆಂಬರ್ 12, ಶನಿವಾರ

ಮುಗಿಯಿತು. ನಾನು ಅಂದುಕೊಂಡಂತೆ ಅಲ್ಲ. ನಾಳೆ ಬರೆಯುತ್ತೇನೆ.

ಸೆಪ್ಟೆಂಬರ್ 13

ಹಾಲ್ ತುಂಬ ಜನ. ಎತ್ತ ತಿರುಗಿದರೂ ಅಪ್ಪನ ಮೂಗು. ಟಾಸ್ಮೇನಿಯಾದಿಂದ ಬಂದ ಮುದುಕಿಯೊಬ್ಬಳು ನನ್ನ ಕೆನ್ನೆ ಹಿಡಿದು ಅತ್ತಳು — ಯಾಕೆಂದು ಅವಳಿಗೂ ಗೊತ್ತಿಲ್ಲ. ಲೀಡ್ಸ್‌ನ ಒಬ್ಬ ಹಂದಿಮರಿ ಚಿತ್ರದ ಟೈ ಕಟ್ಟಿದ್ದ. ರೋಲಂಡ್ ಬೂದು ಸೂಟಿನಲ್ಲಿ ಮೂಲೆ ಹಿಡಿದಿದ್ದ. ಎಲ್ಲರೂ ಹೆಸರಿನ ಬ್ಯಾಡ್ಜನ್ನು ಎದೆಗೆ ಚುಚ್ಚಿಕೊಂಡಿದ್ದರು. ಇವನದು ಕೋಟಿನ ಒಳಗಡೆ.

ಮೊದಲು ಲ್ಯಾಂಬರ್ಟ್. ನಕ್ಷೆಗಳನ್ನೆಲ್ಲ ತೋರಿಸಿ, ಕೊನೆಗೆ ದನಿ ಎತ್ತಿದ. "ಇಷ್ಟು ಕಾಲ ನಾವೆಲ್ಲ ತಪ್ಪು ತಿಳ್ಕೊಂಡಿದ್ವಿ. ನಮ್ಮ ಹೆಸರಲ್ಲಿರೋದು ಹಂದಿ ಅಲ್ಲ! ಸಾವಿರ ವರ್ಷದ ಹಿಂದೆ ಹಡಗಲ್ಲಿ ಬಂದು ಈ ಕಣಿವೆಯಲ್ಲಿ ನೆಲೆನಿಂತ ಜನರಲ್ಲಿ ಸ್ವೇಯ್ನ್ ಅನ್ನೋದು ಮನುಷ್ಯನ ಹೆಸರು. ಸ್ವೇಯ್ನ್‌ನ ಹಿತ್ತಿಲು — ಅದೇ ಸ್ವೈನ್‌ಗಾರ್ತ್. ನಾವು ಹಂದಿದೊಡ್ಡಿಯವರಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಟೈಯವನು ಟೈ ಬಿಚ್ಚಿ ಜೇಬಿಗೆ ತುರುಕಿದ. ನನಗೆ ಮೈಯೆಲ್ಲ ಉರಿಯಿತು. ಹಂದಿಯೇ ನಮ್ಮ ಮನೆಗೆ ಅನ್ನ ಹಾಕಿದ್ದು. ಈಗ ಎಲ್ಲರೂ ಕೈ ತೊಳೆದುಕೊಂಡರು, ನಾನು ಮಾಡಿದ ಹಂದಿ ಪೈ ಬಾಯಲ್ಲಿಟ್ಟುಕೊಂಡೇ.

ರೋಲಂಡ್ ಎದ್ದ. ಭಾಷಣದ ಹಾಳೆ ಕೈಯಲ್ಲಿತ್ತು. ಓದಲಿಲ್ಲ.

"ಲ್ಯಾಂಬರ್ಟ್, ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಈ ಬೇಸಿಗೆಯಲ್ಲಿ..."

"ನನಗೆ ಹನ್ನೊಂದು ವರ್ಷ ಆಗಿದ್ದಾಗ ಗೊತ್ತಾಗ್ಬೇಕಿತ್ತು."

ತಮಾಷೆ ಅಂದುಕೊಂಡು ನಕ್ಕರು. ಅವನು ನಗಲಿಲ್ಲ. ಹೇಳಿದ. ದೊಡ್ಡ ಶಾಲೆಗೆ ಸೇರಿದ ಮೊದಲ ವರ್ಷ. ಅಡುಗೆಮನೆ ಹಿಂದೆ ಹಂದಿಗಳಿಗೆ ಅಂತ ಇಟ್ಟ ಕಲಗಚ್ಚಿನ ಬಕೆಟ್. ಹುಡುಗರು ಅದರೊಳಗೆ ಇವನ ತಲೆ ಅದುಮಿ, ನಿನ್ನ ಹೆಸರು ಹೇಳು ಅನ್ನುತ್ತಿದ್ದರಂತೆ. "ಹೇಳಿದ್ರೆ ಜೋರಾಗಿ ಅಂತಿದ್ರು. ಜೋರಾಗಿ ಹೇಳೋಕೆ ಬಾಯಿ ತೆರೀಬೇಕಲ್ಲ..." ಅಲ್ಲಿ ನಿಲ್ಲಿಸಿದ. ನೀರು ಕುಡಿದ. "ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ನಕ್ಕರು. ಗಟ್ಟಿಯಾಗ್ತೀಯ ಬಿಡು ಅಂದ್ರು."

ಮುಂದಿನ ಸಾಲಿನವಳೊಬ್ಬಳು ಪೈ ತಟ್ಟೆಯನ್ನು ನೆಲಕ್ಕಿಟ್ಟಳು.

"ಅದಕ್ಕೇ ಹೆಸರು ಕತ್ತರಿಸಿದೆ. ಅಪ್ಪನ ಕಲ್ಲಲ್ಲೂ ಕತ್ತರಿಸಿದೆ. ಚರ್ಚಿನ ಹಿಂದಿದೆ, ಹೋಗಿ ನೋಡಿ. ನಮ್ಮಕ್ಕ ಇದನ್ನ ಹೇಳೋಕೇ ಕಾಯ್ತಿದ್ದಾಳೆ, ಅವಳ ಮುಖ ನೋಡಿದ್ರೆ ಗೊತ್ತಾಗುತ್ತೆ. ಅವಳಿಗೆ ತೊಂದರೆ ಬೇಡ ಅಂತ ನಾನೇ ಹೇಳಿದೆ."

ಹಾಳೆ ಮಡಚಿ ಹೊರಟುಹೋದ.

ಹಿಂದಿನ ಸಾಲಿನಿಂದ 'ಗೊರ್' ಅಂತ ಸದ್ದು, ಹಂದಿಯ ಹಾಗೆ. ಟೈಯವನು. ಒಬ್ಬಿಬ್ಬರು ಕಿಸಕ್ಕೆಂದರು. ನಾನು ಹೇಗೆ ಅಲ್ಲಿಗೆ ಹೋದೆನೋ ಗೊತ್ತಿಲ್ಲ. ಅವನ ಕೈಯಿಂದ ತಟ್ಟೆ ಕಿತ್ತುಕೊಂಡೆ.

"ಎದ್ದೇಳು. ಲೀಡ್ಸ್ ಬಸ್ಸು ಚರ್ಚಿನ ಮುಂದೆ ನಿಲ್ಲುತ್ತೆ."

"ಅಯ್ಯೋ, ಸುಮ್ನೆ ತಮಾಷೆಗೆ..."

"ಅವರೂ ತಮಾಷೆಗೇ ಮಾಡಿದ್ದು."

ಹೋದ. ಆದರೆ ನಾನು ಅಷ್ಟು ದಿನ ಕಲಿತಿದ್ದ ಮಾತೆಲ್ಲ ಹೊಟ್ಟೆಯಲ್ಲೇ ಉಳಿಯಿತು. ನಾನು ಬೈಯಬೇಕಾದ್ದನ್ನು ಅವನೇ ಬೈದುಕೊಂಡು ಹೋದ, ಕಳ್ಳ. ಸಾಲದ್ದಕ್ಕೆ ಅಪ್ಪನ ಮೇಲೂ ಸಿಟ್ಟು ಬರುವ ಹಾಗೆ ಮಾಡಿದ. ನಕ್ಕನಂತೆ! ಮಣ್ಣಿಗೆ ಹೋದವನ ಮೇಲೆ ಬಂದ ಸಿಟ್ಟನ್ನು ಎಲ್ಲಿಗೆ ಒಯ್ಯಲಿ?

ಸೆಪ್ಟೆಂಬರ್ 27, ಭಾನುವಾರ

ರೋಲಂಡ್ ಬಂದಿದ್ದ. ಹಿಂಬಾಗಿಲಿಂದ, ಹೇಳದೆ. ಅಡುಗೆಮನೆಯಲ್ಲಿ ಕೋಟು ಬಿಚ್ಚದೆ ಕೂತ.

"ನಿಜವಾಗ್ಲೂ ನಕ್ಕರಾ?" ಅಂದೆ.

"ಹೂಂ. ಅವರಿಗೂ ಯಾವುದೋ ಬಕೆಟ್ ಇದ್ದಿರಬೇಕು."

"ಇದ್ರೆ ನಗಬಾರದಿತ್ತು."

ಟೀ ಕೊಟ್ಟೆ. ಸಕ್ಕರೆ ಎಷ್ಟು ಹಾಕುತ್ತಾನೆಂದು ಮರೆತುಹೋಗಿತ್ತು, ಕೇಳಬೇಕಾಯಿತು. ಅದಕ್ಕೂ ಸಿಟ್ಟು ಬಂತು.

"ಹೊಸ ಕಲ್ಲು ಹಾಕಿಸ್ತೀನಿ ಏವ್."

"ಬೇಡ. ಇರೋದಕ್ಕೇ ಸೇರಿಸು."

"ಬಳ್ಳಿ ಮೇಲೆ ಕೂರುತ್ತೆ. ಆಮೇಲೆ ಸೇರಿಸಿದ್ದು ಅಂತ ಊರಿಗೆಲ್ಲ ಕಾಣುತ್ತೆ."

"ಕಾಣಲಿ. ಕಿತ್ತಿದ್ದೂ ಕಾಣಲಿ, ಸೇರಿಸಿದ್ದೂ ಕಾಣಲಿ."

ಕಪ್ಪನ್ನು ಕೆಳಗಿಟ್ಟ. ಆಮೇಲೆ, ನನ್ನ ಮುಖ ನೋಡದೆ: "ಆವತ್ತು ಕೂಟದಿಂದ ಕಾರಲ್ಲಿ ಒಬ್ಬನೇ ಹೋಗ್ತಾ ಆ ಹೆಸರು ಬಾಯಿಬಿಟ್ಟು ಹೇಳಿದೆ. ಪೂರ್ತಿ. ಸ್ವೇಯ್ನ್, ಸ್ವೇಯ್ನ್‌ನ ಹಿತ್ತಿಲು ಅಂದ್ಕೊಂಡು. ಕಲಗಚ್ಚಿನ ವಾಸನೆ ಬರಲಿಲ್ಲ ಏವ್. ಮೊದಲನೇ ಸಲ."

ಪೈ ತಿನ್ನುತ್ತೀಯಾ ಅಂದೆ. ತಿಂದ. ಉಪ್ಪು ಕಡಿಮೆ ಅಂದ. ಹಾಳಾದವನು.

ನವೆಂಬರ್ 17, ಮಂಗಳವಾರ

ಹೆಡ್ಲಿ ಕೆತ್ತಿ ಮುಗಿಸಿದ. ಕುರೂಪವೇ. ಹೊಸ ಅಕ್ಷರ ಬೆಳ್ಳಗೆ ಬಳ್ಳಿಯ ಎಲೆ ತುಳಿದುಕೊಂಡು ನಿಂತಿದೆ. ಮಧ್ಯಾಹ್ನ ರೋಲಂಡ್ ಬಂದು ನೋಡಿದ. ಕೈಗವಸು ತೆಗೆದು ಮುಟ್ಟಿದ. ಅಲ್ಲಿಂದ ಇಬ್ಬರೂ ಅಂಗಡಿಗೆ ಬಂದೆವು. ಕಾರಿಂದ ಏನೋ ತರುತ್ತೇನೆ ಅಂತ ಅವನು ಹೊರಗೆ ಹೋದಾಗಲೇ ಲ್ಯಾಂಬರ್ಟ್ ಫೋನ್ ಬಂದದ್ದು.

"ಮಿಸ್ ಸ್ವೈನ್‌ಗಾರ್ತ್, ಒಂದು ಸಣ್ಣ ತಿದ್ದುಪಡಿ. ಹಳೇ ಹೆಸರುಗಳನ್ನ ಓದಿಕೊಂಡಿರೋ ಪ್ರೊಫೆಸರ್ ಒಬ್ಬರಿಗೆ ತೋರಿಸಿದೆ. ಸ್ವೇಯ್ನ್‌ನ ಹಿತ್ತಿಲು ಅಂತಾಗಬೇಕಾದ್ರೆ ಹೆಸರಿನ ನಡುವೆ, 'ಸ್ವೇಯ್ನ್‌ನ' ಅನ್ನೋ ಅರ್ಥಕ್ಕೆ, ಇನ್ನೊಂದು ಎಸ್ ಇರಬೇಕಿತ್ತಂತೆ. ಇಲ್ಲ. ಹಾಗಾಗಿ ಬಹುಶಃ..."

"ಬಹುಶಃ ಏನು?"

"ಹಂದಿಯೇ."

ಕಿಟಕಿಯಲ್ಲಿ ನೋಡಿದೆ, ರೋಲಂಡ್ ಇನ್ನೂ ಕಾರಿನ ಹತ್ತಿರವೇ ಇದ್ದ.

"ಎಲ್ಲರಿಗೂ ಬರೆದು ತಿಳಿಸ್ಬೇಕು ಅಂತಿದ್ದೀನಿ" ಅಂದ.

"ಎಲ್ಲರಿಗೂ ಬರೀರಿ. ನನ್ನ ತಮ್ಮನಿಗೆ ಒಂದು ಸಾಲು ಬರೆದ್ರೆ, ಹಲ್‌ಗೇ ಬರ್ತೀನಿ. ಮಾಂಸ ಕೊಚ್ಚೋ ಮೆಷಿನ್ ಜೊತೆಗೇ ತರ್ತೀನಿ."

"ಆದ್ರೆ ಸತ್ಯ ಅನ್ನೋದು..."

"ಸತ್ಯ ನಿಮ್ಮ ನಕ್ಷೆಲಿಟ್ಕೊಳ್ಳಿ!"

ರಿಸೀವರ್ ಕುಕ್ಕಿ ತಿರುಗಿದೆ. ಬಾಗಿಲಲ್ಲಿ ರೋಲಂಡ್.

"ಯಾರು ಫೋನು?"

"ರಾಂಗ್ ನಂಬರ್."

"ರಾಂಗ್ ನಂಬರಿಗೆ ಇಷ್ಟು ಬೈತೀಯಾ?"

"ನಾನು ಎಲ್ಲರಿಗೂ ಬೈತೀನಿ."

ನಕ್ಕ. ಈಗ ಅಂಗಡಿಯಲ್ಲಿದ್ದಾನೆ, ಸಡಿಲವಾದ ಕಪಾಟಿನ ಬಾಗಿಲು ಸರಿಮಾಡುತ್ತ. ಟೀಗೆ ನೀರಿಟ್ಟು ಹಿಂದಿನ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಫೋನ್ ಮತ್ತೆ ಬಡಿಯುತ್ತಿದೆ. ಆ ಲ್ಯಾಂಬರ್ಟೇ ಇರಬೇಕು, ಬಿಡುವ ಆಸಾಮಿಯಲ್ಲ. ಮುಟ್ಟಬೇಡ ಕಣೋ ರೋಲಂಡ್, ನಾನೇ ಬಂದೆ ಅಂತ ಕೂಗಿದೆ. ಅವನ ಹೆಜ್ಜೆ ಸದ್ದು, ಫೋನಿನ ಕಡೆಗೇ —