ಮೂರು ದಿನದ ಕೆಮಿಸ್ಟ್ರಿ

ಜನವರಿ ೧೮, ೧೯೭೬

ಮತ್ತೆ ಹಿಂದಿನ ಕೋಣೆ. ಚಾಪೆ, ಚೊಂಬು, ನಾನು. ಹೊರಗೆ ಕೂತವಳನ್ನು ಮೂರು ದಿನ ಯಾರೂ ಮುಟ್ಟುವಂತಿಲ್ಲ, ಕೆಲಸ ಹೇಳುವಂತಿಲ್ಲ. ಈ ಹಿಮಾಯತ್‌ನಗರದ ಮನೆಯಲ್ಲಿ ನನಗೆ ಓದಲು ಸಿಗುವುದು ಈ ಮೂರು ದಿನವಷ್ಟೇ. ಮದುವೆಯ ಗಡಿಬಿಡಿಯಲ್ಲಿ ಬಿ.ಎಸ್ಸಿ.ಯ ಆರ್ಗ್ಯಾನಿಕ್ ಪೇಪರ್ ಫೇಲು. ಅದೊಂದು ಪಾಸಾದರೆ ಡಿಗ್ರಿ. ಇವರೇ ಪರೀಕ್ಷೆಯ ಫಾರ್ಮ್ ತುಂಬಿ ಕಳಿಸಿದ್ದಾರೆ — ತಮ್ಮ ಅಮ್ಮನಿಗೆ ಹೇಳುವ ಧೈರ್ಯ ಮಾತ್ರ ಇಲ್ಲ. ಹುಲಿಯಂಥ ಗಂಡ.

ಫೆಬ್ರವರಿ ೧೫

ಹುಣಸೆ ಬೀಜ ಕಾರ್ಬನ್, ಕಸಬರಿಗೆ ಕಡ್ಡಿ ಬಾಂಡ್. ಬೀಜಗಳ ನಡುವೆ ಎಲ್ಲ ಒಂಟಿ ಕಡ್ಡಿ — ಆಲ್ಕೇನ್. ಎಲ್ಲಾದರೂ ಜೋಡಿ ಕಡ್ಡಿ — ಆಲ್ಕೀನ್. ಮೂರಿದ್ದರೆ ಆಲ್ಕೈನ್. ಅತ್ತೆ ದೂರದಿಂದ ತಟ್ಟೆ ಸರಿಸುತ್ತ, ಒಬ್ಬಳೇ ಚೌಕಾಬಾರ ಆಡುತ್ತೀಯೇನು ಎಂದು ಕೇಳಿದರು. ಹೂಂ ಅಂದೆ.

ಟೈಮ್‌ಟೇಬಲ್ ಬಂದಿದೆ. ಏಪ್ರಿಲ್ ೧೨, ಬೆಳಿಗ್ಗೆ ಹತ್ತು. ಇಪ್ಪತ್ತೆಂಟು ದಿನದ ಲೆಕ್ಕ ಹಾಕಿದೆ — ಏಪ್ರಿಲ್ ಹನ್ನೊಂದಕ್ಕೆ ಹೊರಗಾಗಬೇಕು. ಮರುದಿನ ಹಿಂಬಾಗಿಲಿನಿಂದ ಹೋಗಿ ಬಂದರೆ ಯಾರಿಗೆ ಗೊತ್ತಾದೀತು? ಒಂದೂವರೆಯ ತನಕ ತಟ್ಟೆಯೂ ಬರುವುದಿಲ್ಲ.

ಮಾರ್ಚ್ ೧೪

ಬರಲಿಲ್ಲ. ಬಂತೆಂದು ಹೇಳಿ ಕೂತಿದ್ದೇನೆ. ಓದಿನ ಮೂರು ದಿನ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಏಕೆ ಬರಲಿಲ್ಲ ಎಂದು ಯೋಚಿಸುವುದಿಲ್ಲ.

ಬೆಂಜೀನ್ ತಲೆ ತಿಂದಿತು. ಮೂರು ಜೋಡಿ ಕಡ್ಡಿ ಇವೆಯೆಂದು ಆಲ್ಕೀನ್ ಗುಂಪಿಗೆ ಹಾಕಿದ್ದೆ. ತಪ್ಪು. ಆಲ್ಕೀನ್‌ನ ಹಾಗೆ ಅದು ಬ್ರೋಮಿನ್ ನೀರಿನ ಬಣ್ಣ ಕಳೆಯುವುದಿಲ್ಲ. ಅದರದೇ ಬೇರೆ ಮನೆತನ — ಆರೋಮ್ಯಾಟಿಕ್. ಹೋದ ಸಲ ಮುಗ್ಗರಿಸಿದ್ದು ಇಲ್ಲೇ ಇರಬೇಕು.

ಏಪ್ರಿಲ್ ೧೧

ಈ ಸಲವೂ ಇಲ್ಲ. ಈ ಸಲವೂ ಸುಳ್ಳು. ಹೆದರಿಕೆಯಾಗುತ್ತಿದೆ... ಮಗು ಬೇಡವೆಂದಲ್ಲ. ನಾಳೆ ಒಂದು ಗಂಟೆಯವರೆಗೆ ಬೇಡ.

ಏಪ್ರಿಲ್ ೧೨, ಒಂಬತ್ತೂವರೆ

ಸೀರೆ ಉಟ್ಟು ಹೊರಟಿದ್ದೆ. ಒಗ್ಗರಣೆಯ ವಾಸನೆ ಬಂತು. ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಮಡಿಯಲ್ಲಿ ಅಡುಗೆ ಮಾಡುತ್ತಿದ್ದ ಅತ್ತೆ ಬಾಗಿಲಿಗೆ ಬಂದು ನೋಡಿದರು.

"ಹೊರಗ ಕೂತಾಕಿಗೆ ವಾಂತಿ ಯಾಕ? ಎಷ್ಟು ತಿಂಗಳಾತು?"

ಎರಡು ಬೆರಳು ತೋರಿಸಿದೆ. ಮಡಿಸೀರೆಯಲ್ಲೇ ಬಂದು ಕೈ ಹಿಡಿದುಕೊಂಡರು. ಮದುವೆಯಾಗಿ ಬಂದ ಮೇಲೆ ಇಷ್ಟು ಪ್ರೀತಿಯಿಂದ ಮುಟ್ಟಿದ್ದು ಇದೇ ಮೊದಲು. ಬೈದಿದ್ದರೆ ಓಡಿಬಿಡುತ್ತಿದ್ದೆ.

"ಇನ್ನ ಹೊರಗ ಕೂಡೂದು ಇಲ್ಲ ಬಿಡು. ನಡಿ ಒಳಗ."

ಈಗ ದೇವರ ಮನೆಯ ಮುಂದೆ, ಮಣೆಯ ಮೇಲೆ. ಪಕ್ಕದ ಮನೆಯ ಅಂಬುಬಾಯಿಯವರನ್ನು ಆರತಿಗೆ ಕರೆಯಲು ಅತ್ತೆ ಹೋಗಿದ್ದಾರೆ. ಹಾಲ್ ಟಿಕೆಟ್ ಸೊಂಟದಲ್ಲಿದೆ. ಎದ್ದು ಹೋಗಲು ಕಾಲು ಬರುತ್ತಿಲ್ಲ. ಬಂದ ಕೂಡಲೇ ಹೇಳಿಬಿಡಬೇಕು. ಬಾಯಿ ತಡವರಿಸದ ಹಾಗೆ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ — ಅತ್ತೆ, ಇವತ್ತು ನನಗೆ