ತುಟಿ ಅಲ್ಲಾಡಿಸಬೇಡಿ

ಅಪ್ಪ,

ಲ್ಯಾಬಿನಲ್ಲಿ ಇನ್ನೊಬ್ಬಳು ರಜೆ, ಕತ್ತಲಾಗುವವರೆಗೂ ನಾನೇ ಇರಬೇಕು. ನಮ್ಮ ಚಿನಕುರುಳಿ ತಂಗಿಯ ನೆನಪಿನ ಅಭ್ಯಾಸವನ್ನು ಇವತ್ತೂ ನೀವೇ ಮಾಡಿಸಿ. ಶಾಲೆಯಿಂದ ಬಂದವಳು ಮೊದಲು ಏನಾದರೂ ತಿನ್ನಲಿ. ಟಿವಿ ಬೇಡ. ನಡುವೆ ಎದ್ದು ಓಡಿದರೆ ಗದರಬೇಡಿ, ಎರಡು ಸುತ್ತು ಹಾಕಿ ತಾನೇ ಬರುತ್ತಾಳೆ.

ಇನ್ನೊಂದು ಮಾತು, ಎದುರಿಗೆ ಹೇಳಲು ಧೈರ್ಯವಾಗಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಗಿರಾಕಿಯ ಅಳತೆಯನ್ನು ಬರೆದುಕೊಳ್ಳುವವರೆಗೂ ಬಾಯಲ್ಲೇ ಗುನುಗುವ ಅಭ್ಯಾಸ ನಿಮ್ಮದು. ಅವಳು ನೆನಪಿಟ್ಟು ಹಿಂದುಮುಂದಾಗಿ ಹೇಳಬೇಕಾದ ಅಂಕಿಗಳು ಮೊಬೈಲ್ ಪರದೆಯಿಂದ ಮಾಯವಾದಾಗಲೂ ನಿಮ್ಮ ತುಟಿ ಅಲ್ಲಾಡುತ್ತದೆ. ನಿಮಗೇ ಅದು ಗೊತ್ತಿಲ್ಲವೇನೋ. ಅವಳು ಅದನ್ನು ನೋಡಿಕೊಂಡು ಹಿಂದಿನಿಂದ ಮುಂದಕ್ಕೆ ಒಪ್ಪಿಸುತ್ತಾಳೆ. ನಾಲ್ಕು ಅಂಕಿಗೆ ತಡವರಿಸುತ್ತಿದ್ದವಳು ಏಳಕ್ಕೆ ಏರಿದ್ದು ಹಾಗೆ.

ಒಂದು ವಾರದಿಂದ ನೋಡುತ್ತಿದ್ದರೂ ನಾನು ಬಾಯಿ ಬಿಡಲಿಲ್ಲ. "ಅಕ್ಕಾ, ನಾನು ದಡ್ಡಿ ಅಲ್ಲ ಅಲ್ವಾ?" ಅಂತ ಕುಣಿದಳಲ್ಲ, ಹೇಗೆ ಹೇಳಲಿ?

ನಾಳೆ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕೂರಿಸಿ ಪರೀಕ್ಷಿಸುತ್ತಾರೆ. ಅವಳ ಚಂಚಲತೆಗೆ ಮಾತ್ರೆ ಬೇಡ, ಮೊದಲು ಈ ಅಭ್ಯಾಸ ಮಾಡಿ ನೋಡೋಣ ಅಂತ ಹಟ ಹಿಡಿದವರು ನಾವಿಬ್ಬರೇ. ಐದು ವಾರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿದ್ದರೆ ಆಗಲಿ, ಮಾತ್ರೆಯನ್ನೇ ಕೊಡೋಣ. ಆದರೆ ಆ ಕೋಣೆಯಲ್ಲಿ ಅವಳು ನಿಮ್ಮ ಮುಖ ಹುಡುಕುವಂತಾಗಬಾರದು.

ದಮ್ಮಯ್ಯ ಅಪ್ಪ, ಇವತ್ತು ಅವಳಿಗೆ ಬೆನ್ನು ಹಾಕಿ ಕೂತುಕೊಳ್ಳಿ. ಮೂರೇ ಅಂಕಿ ಬಂದರೆ ಮೂರೇ ಅಂತ ಬರೆಯಿರಿ. ಅತ್ತರೆ ಇವತ್ತೇ ಅಳಲಿ, ನಮ್ಮ ಮನೆಯಲ್ಲೇ ಅಳಲಿ.